ಎಡೆ ಇಡದ ವರ್ಷ

ಗುಬ್ಬಿ
9 ಫೆಬ್ರವರಿ 2025

ಸಂಧ್ಯಾಗೆ,

ಗುಬ್ಬಿಯಿಂದ ತುಮಕೂರಿಗೆ ಇಪ್ಪತ್ತು ಕಿಲೋಮೀಟರ್, ನಿನ್ನ ಕ್ಯಾತ್ಸಂದ್ರಕ್ಕೆ ಇನ್ನೈದು. ಅಷ್ಟೇ ದೂರದಲ್ಲಿರುವ ಮಗಳಿಗೆ ಸ್ಟಾಂಪು ಅಂಟಿಸಿ ಕಾಗದ ಹಾಕುವವನು ಈ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ಪೋಸ್ಟಾಫೀಸಿನ ಕದರಯ್ಯ ಕೇಳಿಯೇ ಬಿಟ್ಟ, "ಏನ್ ರಂಗಣ್ಣ, ಮಗಳ ಫೋನು ಕೆಟ್ಟೋಗೈತಾ?" ಅಂತ. "ಫೋನು ಚೆನ್ನಾಗೈತೆ, ಕೆಟ್ಟಿರೋದು ಬ್ಯಾರೆ" ಅಂದೆ.

ಫೋನಿನಲ್ಲಿ ನಿನ್ನ ಹೆಸರು ಇದೆ. ಒತ್ತಿದರೆ ನೀನು ಎತ್ತುತ್ತೀಯೋ ಇಲ್ಲವೋ ಅರ್ಧ ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ. ಕಾಗದದಲ್ಲಾದರೆ ಒಂದು ವಾರ ಗೊತ್ತಾಗುವುದಿಲ್ಲ. ಆ ವಾರ ನನಗೆ ಬೇಕು.

ನಿನ್ನ ತಮ್ಮ ಹೋಗಿ ವರ್ಷವಾಗುತ್ತಾ ಬಂತು. ಪಂಚಾಂಗದ ಪ್ರಕಾರ ಮಾರ್ಚ್ ನಾಲ್ಕು, ಮಂಗಳವಾರ ಬೀಳುತ್ತದೆ. ವರ್ಷದ ಎಡೆ ಇಡಬೇಕು. ಕುಣಿಗಲ್‌ನಿಂದ ನಿನ್ನ ಗೋವಿಂದರಾಜು ಮಾವ ಬರುತ್ತಾನೆ, ಚೇಳೂರಿನವರು ಬರುತ್ತಾರೆ. ಹನ್ನೊಂದನೇ ವಯಸ್ಸಿಗೆ ಗಾಲಿಕುರ್ಚಿ ಹತ್ತಿದ ಹುಡುಗ ಇಪ್ಪತ್ತೆರಡಕ್ಕೆ ಅದರಿಂದಲೇ ಎದ್ದು ಹೋದ. ಕುರ್ಚಿ ಇನ್ನೂ ಅಂಗಡಿಯಲ್ಲೇ ಇದೆ. ಮೇಲೆ ಗೋಣಿಚೀಲದ ಕಟ್ಟು ಇಡಲು ಹೋದವರನ್ನು ನಾನು ಬೈದು ಕಳಿಸಿದ್ದೇನೆ.

ಹನ್ನೊಂದನೆಯ ದಿನದ ತಿಥಿಯಲ್ಲಿ, ಊಟಕ್ಕೆ ಕೂತವರ ಮುಂದೆ ನಾನು ಆಡಿದ ಮಾತು ನಿನಗೆ ಮರೆತಿರಲಾರದು. "ಇಲ್ಲದ ಸೂಜಿ ತೋರ್ಸಿ ಮೂರು ವರ್ಷ ನನ್ನ ಮಗನಿಗೆ ಆಸೆ ಹುಟ್ಟಿಸ್ದೆ, ಈಗ ಅಳಕ್ಕೆ ಬಂದಿದೀಯ" ಅಂದೆ. ನೀನು ಎಲೆ ಬಿಟ್ಟು ಎದ್ದು ಹೋದವಳು ಮತ್ತೆ ಈ ಬಾಗಿಲು ತುಳಿದಿಲ್ಲ. ಆ ಮಾತು ಸುಳ್ಳು ಎಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ಆದರೆ ಊಟದ ಮುಂದೆ ಆಡಬಾರದಿತ್ತು.

ಇಷ್ಟೆಲ್ಲ ಬರೆ ಎಂದು ನಿಮ್ಮಮ್ಮ ಹೇಳಿದ್ದಲ್ಲ. ಅವಳು ಹೇಳಿದ್ದು "ಬಾ" ಅಂತ ಬರೆ ಅಂದಷ್ಟೇ.

ನಿಮ್ಮಪ್ಪ,
ಪುಟ್ಟರಂಗಯ್ಯ


ಕ್ಯಾತ್ಸಂದ್ರ
17 ಫೆಬ್ರವರಿ 2025

ಅಪ್ಪನಿಗೆ ನಮಸ್ಕಾರ,

ನಿಮ್ಮ ಕಾಗದ ಬಂತು. ನಾನು ಬರುವುದಿಲ್ಲ. ಅಮ್ಮನಿಗೆ ನೀವೇ ಹೇಗಾದರೂ ಹೇಳಿ.

ಒಂದು ವಿಷಯ ಮಾತ್ರ ವರ್ಷದಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ತಿಥಿಗೆ ಮುಂಚೆ ನಿಮಗೆ ಅದು ಗೊತ್ತಿರಲಿ ಅನ್ನಿಸಿತು. ನಾಲ್ಕು ವರ್ಷದ ಹಿಂದೆ ಕುಮಾರನ ಮುಂಗೈಯಿಂದ ಅಕ್ಕಿಕಾಳಿನಷ್ಟು ಚರ್ಮ ತೆಗೆದಿದ್ದೆವಲ್ಲ, ಅದರಿಂದ ಬೆಳೆಸಿದ ಜೀವಕೋಶಗಳು ನಮ್ಮ ಪ್ರಯೋಗಾಲಯದಲ್ಲಿ ಇನ್ನೂ ಬದುಕಿವೆ. ಒಂದಿಷ್ಟನ್ನು ಹೆಪ್ಪುಗಟ್ಟಿಸಿ ಇಟ್ಟಿರುತ್ತೇವೆ, ಬೇಕಾದಾಗ ಎಬ್ಬಿಸುತ್ತೇವೆ. ಎಬ್ಬಿಸಿದವು ಮೈಬಿಸಿಯಷ್ಟೇ ಕಾವಿನ ಪೆಟ್ಟಿಗೆಯಲ್ಲಿರುತ್ತವೆ. ಎರಡು ದಿನಕ್ಕೊಮ್ಮೆ ನಾನೇ ಆಹಾರ ಬದಲಿಸುತ್ತೇನೆ, ಭಾನುವಾರ ಕೂಡ.

ಇಲ್ಲದ ಸೂಜಿ ಅಂದಿರಿ. ಸೂಜಿ ಇದೆ. ಉಗುರಿನಷ್ಟಗಲದ ಸಿಲಿಕಾನ್ ಬಿಲ್ಲೆಯ ಮೇಲೆ ಅಂಥವು ಲಕ್ಷಗಟ್ಟಲೆ ನಿಂತಿರುತ್ತವೆ. ಒಂದು ತಲೆಗೂದಲನ್ನು ಉದ್ದಕ್ಕೆ ಸಾವಿರ ಸೀಳು ಮಾಡಿದರೆ ಒಂದು ಸೀಳು ಎಷ್ಟಿರುತ್ತದೋ ಸೂಜಿಯ ತುದಿ ಅದಕ್ಕಿಂತ ಸಣ್ಣ. ಜೀವಕೋಶವನ್ನು ಅದರ ಮೇಲೆ ಕೂರಿಸಿದರೆ ಸೂಜಿ ಒಳಗೆ ಹೋಗುತ್ತದೆ, ಕೋಶ ಸಾಯುವುದಿಲ್ಲ. ಒಳಗಿನಿಂದ ಒಂದು ಕಣ ತೆಗೆಯಬಹುದು, ಒಂದು ಕಣ ಇಡಬಹುದು. ಸ್ನಾಯುವನ್ನು ಗಟ್ಟಿಯಾಗಿ ಹಿಡಿದಿಡುವ ಪ್ರೊಟೀನು ಒಂದಿದೆ. ಅದನ್ನು ತಯಾರಿಸುವ ಸೂಚನೆ ಕುಮಾರನ ಮೈಯಲ್ಲಿ ಹುಟ್ಟಿನಿಂದಲೇ ಕೆಟ್ಟಿತ್ತು. ಸರಿಯಾದ ಸೂಚನೆಯನ್ನು ಸೂಜಿಗೆ ಸವರಿ ಒಳಗಿಡುವುದು ನಮ್ಮ ಕೆಲಸ. ಆಮೇಲೆ ಸೂಜಿ ಕರಗಿಹೋಗುತ್ತದೆ.

ಅವನ ಯಾವುದೋ ಒಂದು ಚೂರು ಇಲ್ಲಿ ಬೆಚ್ಚಗಿದೆ ಎಂಬುದು ನನಗೆ ಸಮಾಧಾನ. ನಿಮಗೂ ಆಗಬಹುದು ಎಂದು ಬರೆದೆ.

ಸಂಧ್ಯಾ


ಗುಬ್ಬಿ
24 ಫೆಬ್ರವರಿ 2025

ಸಂಧ್ಯಾ,

ತಿಥಿ ನಿಲ್ಲಿಸಿದ್ದೇನೆ.

ನಿನ್ನ ಕಾಗದವನ್ನು ಎರಡು ಸಲ ನಾನು ಓದಿಕೊಂಡೆ, ಮೂರನೆಯ ಸಲ ನಿಮ್ಮಮ್ಮನಿಗೆ ಓದಿ ಹೇಳಿದೆ. ಅವಳು ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಳು. ನಾನು ಪೂಜಾರಿ ಚಿಕ್ಕರಂಗಯ್ಯನವರ ಹತ್ತಿರ ಹೋದೆ. "ಸ್ವಾಮಿ, ಮನುಷ್ಯ ಒಂದ್ಕಡೆ ಇನ್ನೂ ಚೂರು ಜೀವ ಇಟ್ಕೊಂಡಿದ್ರೆ ಅವನಿಗೆ ಎಡೆ ಇಡಬೌದಾ?" ಅಂತ ಕೇಳಿದೆ. "ಜೀವ ಇರೋರಿಗೆ ಯಾರಾದ್ರೂ ಎಡೆ ಇಡ್ತಾರೇನಯ್ಯ? ಆಯಸ್ಸು ಕಮ್ಮಿ ಆಗ್ತದೆ" ಅಂದರು. ನಾನು ವಿವರಕ್ಕೆ ಹೋಗಲಿಲ್ಲ. ಕೇಳುವ ಹಾಗೆ ಕೇಳಿದರೆ ನಮಗೆ ಬೇಕಾದ ಉತ್ತರವೇ ಬರುತ್ತದೆ, ಇದು ವ್ಯಾಪಾರದಲ್ಲಿ ಕಲಿತದ್ದು.

ಗೋವಿಂದರಾಜು ಫೋನಿನಲ್ಲಿ ನಕ್ಕ. "ಭಾವ, ಹನ್ನೊಂದನೇ ದಿನ ಉಂಡು ಹೋದ್ವಲ್ಲ, ಅದನ್ನ ವಾಪಸ್ ತಂದ್ಕೊಡ್ಬೇಕಾ?" ಅಂದ. ಅವನು ನಗಲಿ.

ಸೂಜಿಯ ವಿಷಯ ನನಗೆ ಕಲಿಸಬೇಡ. ಹದಿಮೂರನೇ ವಯಸ್ಸಿಗೆ ಚೇಳೂರು ಸಂತೆಯಲ್ಲಿ ದಬ್ಬಣ ಹಿಡಿದವನು ನಾನು, ಕೊಬ್ಬರಿ ಚೀಲದ ಬಾಯಿ ಹೊಲಿದೇ ಈ ಅಂಗಡಿ ಮಾಡಿದ್ದು. ದಬ್ಬಣದ ತುದಿ ಸರಿಯಾಗಿದ್ದರೆ ಗೋಣಿಯ ಒಂದು ಎಳೆಯೂ ಕಡಿಯುವುದಿಲ್ಲ. ಎಳೆಗಳು ಪಕ್ಕಕ್ಕೆ ಸರಿದು ದಾರಿ ಬಿಡುತ್ತವೆ, ದಬ್ಬಣ ತೆಗೆದ ಮೇಲೆ ಕೈಯಲ್ಲಿ ಉಜ್ಜಿದರೆ ಮತ್ತೆ ಕೂಡಿಕೊಳ್ಳುತ್ತವೆ, ತೂತು ಎಲ್ಲಿತ್ತು ಎಂದು ಹುಡುಕಬೇಕು. ನಿನ್ನ ಜೀವಕೋಶವೂ ಹಾಗೆಯೇ ಇರಬೇಕು. ಹೌದೋ ಅಲ್ಲವೋ ಬರೆ.

ಇನ್ನೂ ಕೆಲವು: ಅವು ಏನು ತಿನ್ನುತ್ತವೆ? ನೋವಾಗುತ್ತದೆಯೇ? ನಿದ್ದೆ ಮಾಡುತ್ತವೆಯೇ? ಎಷ್ಟಿವೆ? ಕರೆಂಟು ಹೋದರೆ ಏನು ಮಾಡುತ್ತೀಯ?

ಮತ್ತೆ, ನನಗೆ "ನೀವು" ಅಂತ ಬರೆದಿದ್ದೀಯ. ನಾಲಿಗೆ ತಿರುಗಿದಂದಿನಿಂದ "ನೀನು" ಅಂದವಳು. ಬೀಗರಿಗೆ ಬರೆದ ಹಾಗಿತ್ತು.

ಅಪ್ಪ


ಕ್ಯಾತ್ಸಂದ್ರ
8 ಮಾರ್ಚ್ 2025

ಅಪ್ಪ,

ತಿಥಿ ನಿಲ್ಲಿಸು ಎಂದು ನಾನು ಬರೆಯಲಿಲ್ಲ. ನಾಲ್ಕನೇ ತಾರೀಖು ಕಳೆದೇ ಹೋಯಿತು, ಅವತ್ತು ಅಮ್ಮ ಏನು ಮಾಡಿದಳು?

ಅದು ಕುಮಾರ ಅಲ್ಲ ಅಪ್ಪ. ಅದಕ್ಕೆ ಯಾರ ಗುರುತೂ ಇಲ್ಲ, ನೋವೂ ಇಲ್ಲ, ನಿದ್ದೆಯೂ ಇಲ್ಲ. ಸಮಾಧಾನಕ್ಕೆ ಎಂದು ಬರೆದದ್ದು ನಿನ್ನ ಕೈಯಲ್ಲಿ ಹೀಗಾಗುತ್ತದೆ ಎಂದು ಗೊತ್ತಿದ್ದರೆ ಬರೆಯುತ್ತಲೇ ಇರಲಿಲ್ಲ.

ಕೇಳಿದ್ದಕ್ಕೆ ಉತ್ತರ: ತಿನ್ನುವುದು ಗುಲಾಬಿ ಬಣ್ಣದ ನೀರು. ಸಕ್ಕರೆ, ಉಪ್ಪು, ಇನ್ನೂ ಏನೇನೋ ಇರುತ್ತದೆ. ಕರೆಂಟಿಗೆ ಜನರೇಟರ್ ಇದೆ. ಒಂದು ತಟ್ಟೆಯಲ್ಲಿ ಹತ್ತು ಲಕ್ಷ ಇರಬಹುದು. ತಟ್ಟೆ ತುಂಬಿದಾಗ ಎರಡು ಪಾಲು ಮಾಡಿ ಬೇರೆ ತಟ್ಟೆಗೆ ಹಾಕುತ್ತೇವೆ, ಪ್ರತಿ ಸಲ ಡಬ್ಬಿಯ ಮೇಲೆ ಅಂಕಿ ಬರೆಯುತ್ತೇವೆ. ಈಗ ಇಪ್ಪತ್ತೊಂದನೆಯದು ನಡೆಯುತ್ತಿದೆ. ಇದಕ್ಕೊಂದು ಮಿತಿ ಇದೆ. ಅಷ್ಟು ಸಲ ಇಬ್ಭಾಗವಾದ ಮೇಲೆ ಅವು ತಾವೇ ನಿಂತುಬಿಡುತ್ತವೆ.

ಗೋಣಿಯ ಎಳೆಯ ಮಾತು ಹೌದು. ಜೀವಕೋಶದ ಹೊರಪದರವೂ ಸರಿದು ದಾರಿ ಕೊಟ್ಟು ಮತ್ತೆ ಕೂಡಿಕೊಳ್ಳುತ್ತದೆ. ನಮ್ಮ ಮೇಡಂಗೆ ಹೇಳಿದೆ, ಪಾಠ ಮಾಡುವಾಗ ಬಳಸುತ್ತೇನೆ ಎಂದರು. ನಿನ್ನ ಹೆಸರು ಕೇಳಿ ಬರೆದುಕೊಂಡರು.

ದಯವಿಟ್ಟು ಎಡೆ ಇಡು.

ಸಂಧ್ಯಾ


ಗುಬ್ಬಿ
12 ಮೇ 2025

ಸಂಧ್ಯಾ,

ಮೊನ್ನೆ ಹೇಳದೆ ಕೇಳದೆ ನಿನ್ನ ಪ್ರಯೋಗಾಲಯಕ್ಕೆ ಬಂದದ್ದಕ್ಕೆ ನಿನಗೆ ಕೋಪ ಬಂದಿತ್ತೋ ಏನೋ ಮುಖದಲ್ಲಿ ಕಾಣಲಿಲ್ಲ. ಬಿಳಿ ಕೋಟು ಹಾಕಿಸಿದೆ, ಕಾಲಿಗೆ ಚೀಲ ತೊಡಿಸಿದೆ. ನಾವಿಬ್ಬರೂ ಆಡಿದ್ದು ಒಟ್ಟು ಏಳು ಮಾತು, ಅದರಲ್ಲಿ ಮೂರು "ಮುಟ್ಟಬೇಡ". ಅಲ್ಲಿ ಹೇಳದೆ ಬಂದದ್ದನ್ನು ಇಲ್ಲಿ ಬರೆಯುತ್ತೇನೆ.

ಕಣ್ಣಿಟ್ಟು ನೋಡುವ ಆ ಕೊಳವೆಯಲ್ಲಿ ಮೊದಲು ನನಗೆ ಕಂಡದ್ದು ನನ್ನ ರೆಪ್ಪೆಯ ಕೂದಲು. ನೀನು ಏನೋ ತಿರುಗಿಸಿದೆ. ಹರಿಯುವ ನೀರಿನಲ್ಲಿ ಒಂದೇ ಕಡೆ ಮುಖ ಮಾಡಿ ನಿಂತ ಸಣ್ಣ ಮೀನುಗಳ ಹಾಗೆ ಕಂಡವು. ನೂರಾ ಹನ್ನೆರಡರ ತನಕ ಎಣಿಸಿದೆ, ಆಮೇಲೆ ಕಣ್ಣು ಮಂಜಾಯಿತು. "ಸುಮ್ನೆ ನಿಂತವ್ಯಾ?" ಅಂದೆ. "ಇಲ್ಲ, ನಿಧಾನವಾಗಿ ನಡೀತವೆ" ಅಂದೆ ನೀನು, ಅಷ್ಟೇ.

ನಡೀತವೆ ಅಂದೆಯಲ್ಲ. ಹನ್ನೊಂದು ವರ್ಷ ಬೆಳಿಗ್ಗೆ ಎತ್ತಿ ಕೂರಿಸಿ, ರಾತ್ರಿ ಎತ್ತಿ ಮಲಗಿಸಿದ ಮೈ ಅದು. ನಾನು ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಇತ್ತು, ಗುಬ್ಬಿಯ ತನಕ ನಿಂತೇ ಬಂದೆ. ಯಾಕೆ ಎಂದು ಕೇಳಬೇಡ.

"ಇನ್ನೂ ಏನೇನೋ" ತಿನ್ನುತ್ತವೆ ಎಂದು ಬರೆದಿದ್ದೆಯಲ್ಲ, ಅದರಲ್ಲಿ ನಮಗೆ ಹೇಳಬಾರದ್ದು ಏನೋ, ದನಕರುವಿನ ರಕ್ತವೋ ಎಂಥದೋ, ಇದೆ ಎಂದು ಗೊತ್ತಾಯಿತು. ನಿನಗೆ ಮುಚ್ಚಿಡಲು ಬರುವುದಿಲ್ಲ. ನನ್ನ ಹತ್ತಿರ ಯಾರೂ ಮುಚ್ಚಿಡಲಾರರು. ನೂರು ಚೀಲದ ಕಟ್ಟು ಎತ್ತಿದರೆ ತೊಂಬತ್ತೆಂಟೇ ಇದೆ ಎಂದು ಈ ಕೈ ಹೇಳುತ್ತದೆ. ಏನಾದರೂ ತಿನ್ನಿಸು, ಚೆನ್ನಾಗಿ ನೋಡಿಕೋ.

ನಿಮ್ಮಮ್ಮ ಬರಲಿಲ್ಲ. "ನಾನ್ಯಾಕೆ ಬರ್ಲಿ, ಅಲ್ಲೇನೈತೆ" ಅಂದಳು. ಎಡೆಯ ಮಾತು ಎತ್ತಿದಾಗಲೆಲ್ಲ ನಾವಿಬ್ಬರೂ ಜಗಳ ಆಡುತ್ತೇವೆ.

ಈಗ ಎಷ್ಟನೆಯದು? ತಿಂಗಳಿಗೊಮ್ಮೆ ಅಂಕಿ ಬರೆ, ಬೇರೆ ಏನೂ ಬರೆಯದಿದ್ದರೂ.

ಅಪ್ಪ


ಕ್ಯಾತ್ಸಂದ್ರ
19 ಜುಲೈ 2025

ಅಪ್ಪ,

ಇಪ್ಪತ್ತನಾಲ್ಕು. ನಾಲ್ಕು ವಾರದಿಂದ ಅದೇ ಅಂಕಿ. ಕೋಶಗಳು ಅಗಲವಾಗಿ, ಚಪ್ಪಟೆಯಾಗಿ ಹರಡಿಕೊಂಡಿವೆ. ವಯಸ್ಸಾದಾಗ ಹಾಗಾಗುತ್ತವೆ. ಹೆಪ್ಪುಗಟ್ಟಿಸಿ ಇಟ್ಟಿದ್ದನ್ನೆಲ್ಲ ಎಬ್ಬಿಸಿ ಆಯಿತು. ಇನ್ನು ಉಳಿದಿರುವುದು ಒಂದೇ ತಟ್ಟೆ.

ಆ ತಟ್ಟೆಯ ಕೋಶಗಳಿಗೆ ಸ್ನಾಯುವಿನ ಗುಣ ಬರಿಸಿ, ಸೂಜಿಯಿಂದ ಸರಿಯಾದ ಸೂಚನೆ ಒಳಗಿಟ್ಟಿದ್ದೇನೆ. ಅವು ಆ ಪ್ರೊಟೀನನ್ನು ತಯಾರಿಸಿದವೋ ಇಲ್ಲವೋ ಗೊತ್ತಾಗಬೇಕಾದರೆ ಕೋಶಗಳನ್ನು ಇದ್ದ ಹಾಗೇ ನಿಲ್ಲಿಸಿ ಬಣ್ಣ ಕಟ್ಟಬೇಕು. ನಿಲ್ಲಿಸುವುದು ಅಂದರೆ ಸಾಯಿಸುವುದು. ಹತ್ತು ನಿಮಿಷದ ಕೆಲಸ. ಬಿಟ್ಟರೆ ಇನ್ನೊಂದೆರಡು ತಿಂಗಳಲ್ಲಿ ಅವೇ ಮುಗಿಯುತ್ತವೆ, ನಮಗೆ ಏನೂ ಗೊತ್ತಾಗುವುದಿಲ್ಲ.

ಕಾಗದಪತ್ರದ ಪ್ರಕಾರ ನಿನ್ನ ಒಪ್ಪಿಗೆ ಬೇಕಿಲ್ಲ, ಕುಮಾರ ತಾನೇ ಎಲ್ಲದಕ್ಕೂ ಒಪ್ಪಿ, ಪೆನ್ನು ಹಿಡಿಯಲಾಗದೆ ಹೆಬ್ಬೆಟ್ಟು ಒತ್ತಿದ್ದ. ನನಗೆ ಬೇಕು. ಒಂದು ಹಾಳೆ ಇಟ್ಟಿದ್ದೇನೆ, ಸಹಿ ಮಾಡಿ ಕಳಿಸು. ಸೆಪ್ಟೆಂಬರ್ ಇಪ್ಪತ್ತೊಂದು ಮಹಾಲಯ ಅಮಾವಾಸ್ಯೆ. ಅಷ್ಟರೊಳಗೆ ಮುಗಿದರೆ ಅಮ್ಮ ಎಡೆ ಇಡಬಹುದು.

ಸಂಧ್ಯಾ


ಗುಬ್ಬಿ
27 ಜುಲೈ 2025

ಸಂಧ್ಯಾ,

ಹಾಳೆ ವಾಪಸು ಕಳಿಸಿದ್ದೇನೆ. ಸಹಿ ಇಲ್ಲ.

ಜೀವ ತೆಗೆಯದೆ ಒಳಗಿನ ಕಣ ತೆಗೆಯುವ ಸೂಜಿ ಎಂದು ಫೆಬ್ರವರಿಯಲ್ಲಿ ಬರೆದವಳು ನೀನು. ಆ ಕಾಗದ ನನ್ನ ಮುಂದಿದೆ. ಈಗ ನೋಡಬೇಕಾದರೆ ಸಾಯಿಸಬೇಕು ಅನ್ನುತ್ತೀಯ. ಯಾವುದು ನಿಜ?

ಎರಡು ತಿಂಗಳು ಅಂದರೆ ಎರಡು ತಿಂಗಳು. ಎರಡು ದಿನ ಅಂದರೂ ನನಗೆ ಬೇಕು. ನಾಲ್ಕು ವರ್ಷದ ಹಿಂದೆ ನಮ್ಮ ನಡುಮನೆಯಲ್ಲಿ ಕೂತು, "ಸೂಜಿ ಬರುತ್ತೆ ಅಪ್ಪ" ಎಂದವಳು ನೀನು. ಅದನ್ನು ನಂಬಿ ನನ್ನ ಮಗ ಕೈ ಚಾಚಿದ. ಬೆಳಿಗ್ಗೆ ಅವನ ಕಾಲು ನೀವುವಾಗ ಮೂರು ವರ್ಷ ನಾನು ಹೇಳಿದ್ದು ಒಂದೇ ಮಾತು, "ಇನ್ನೆರಡು ವರ್ಷ ತಡ್ಕೋ ಮಗಾ, ಅಕ್ಕ ಸೂಜಿ ತತ್ತಾಳೆ" ಅಂತ. ಅವನೂ "ಹ್ಞೂ ಅಪ್ಪ" ಅನ್ನುತ್ತಿದ್ದ. ಆ ಹುಡುಗ ಆಸೆ ಇಟ್ಟುಕೊಂಡೇ ಸತ್ತ. ಹುಟ್ಟಿಸಿದವಳು ನೀನು, ನೀನೇ ಅದನ್ನು ಕಾಪಾಡು. ಸಾಯಿಸುವ ಮಾತು ನನ್ನ ಹತ್ತಿರ ತರಬೇಡ.

ಪುಟ್ಟರಂಗಯ್ಯ


ಕ್ಯಾತ್ಸಂದ್ರ
3 ಆಗಸ್ಟ್ 2025

ಅಪ್ಪ,

ಸೂಜಿಯಿಂದ ತೆಗೆಯುವ ಕಣ ಸಾಲುವುದಿಲ್ಲ. ಆ ಪ್ರೊಟೀನು ಬಹಳ ದೊಡ್ಡದು, ಕೋಶದ ಅಂಚಿಗೆ ಅಂಟಿಕೊಂಡು ನಿಲ್ಲುತ್ತದೆ. ಎಲ್ಲಿ ನಿಂತಿದೆ ಎಂದು ನೋಡಬೇಕು, ಅದಕ್ಕೆ ಇಡೀ ಕೋಶ ಬೇಕು. ಇದು ನಿನ್ನ ಪ್ರಶ್ನೆಗೆ ಉತ್ತರ.

ಉಳಿದದ್ದನ್ನು ಬರೆಯುವುದಿಲ್ಲ ಎಂದು ಒಬ್ಬರಿಗೆ ಮಾತು ಕೊಟ್ಟಿದ್ದೆ. ನಾಲ್ಕು ವರ್ಷ ಉಳಿಸಿಕೊಂಡೆ. ಹನ್ನೊಂದನೆಯ ದಿನ ನೀನು ಅಂದಾಗಲೂ ಉಳಿಸಿಕೊಂಡೆ. ಇನ್ನು ಆಗುವುದಿಲ್ಲ.

ಚರ್ಮ ತೆಗೆಯುವ ದಿನ ನೀನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ನಾನು ಕುಮಾರನಿಗೆ ಎಲ್ಲವನ್ನೂ ನೇರವಾಗಿ ಹೇಳಿದೆ. ಇದು ಔಷಧಿ ಅಲ್ಲ, ನಿನ್ನ ಕಾಲದಲ್ಲಿ ಆಗುವುದಿಲ್ಲ, ಹತ್ತು ಹದಿನೈದು ವರ್ಷ ಹಿಡಿಯಬಹುದು, ಆಗದೆಯೂ ಇರಬಹುದು ಎಂದೆ. ಅವನು ನಕ್ಕ. "ಗೊತ್ತು ಕಣಕ್ಕ, ಫೋನಲ್ಲಿ ಎಲ್ಲಾ ಓದಿದೀನಿ" ಅಂದ. ಹಾಗಾದರೆ ಕೈ ಯಾಕೆ ಕೊಡುತ್ತೀಯ ಎಂದು ಕೇಳಿದೆ. "ನಾಳೆ ನಿಂಗೊಬ್ಬ ಮಗ ಹುಟ್ಟಿದ್ರೆ ಅವನಾದ್ರೂ ಓಡಾಡ್ಲಿ" ಅಂದ. ನನ್ನ ರಕ್ತದಲ್ಲೂ ಆ ಕಾಯಿಲೆ ಇದೆಯೋ ಇಲ್ಲವೋ ನಾನು ಇವತ್ತಿನವರೆಗೂ ಪರೀಕ್ಷೆ ಮಾಡಿಸಿಕೊಂಡಿಲ್ಲ ಅಪ್ಪ.

ಆಮೇಲೆ ಅಂದ, "ಅಪ್ಪಂಗೆ ಮಾತ್ರ ಇದನ್ನ ಹೇಳ್ಬೇಡ. ಸೂಜಿ ಬರುತ್ತೆ ಅಂತ್ಲೇ ಹೇಳು. ದಿನಾ ಬೆಳಿಗ್ಗೆ ಇನ್ನೆರಡು ವರ್ಷ ತಡ್ಕೋ ಮಗಾ ಅನ್ತದಲ್ಲ ಅಪ್ಪ, ಅದು ನಂಗಲ್ಲ ಅಕ್ಕ, ತನ್ಗೇ ಹೇಳ್ಕೊಳ್ಳೋದು. ಅದನ್ನ ಕಿತ್ಕೊಂಡ್ರೆ ನನ್ನ ಎತ್ತಕ್ಕೆ ಅಪ್ಪನ ಕೈಯಲ್ಲಿ ಶಕ್ತಿ ಇರಲ್ಲ."

ಅವನು ಆಸೆ ಇಟ್ಟುಕೊಂಡು ಸಾಯಲಿಲ್ಲ. ನಿನ್ನ ಆಸೆ ನೋಡಿಕೊಂಡು ಬದುಕಿದ.

ಇದನ್ನು ಬರೆದದ್ದಕ್ಕೆ ಅವನು ನನ್ನನ್ನು ಕ್ಷಮಿಸುವುದಿಲ್ಲ.

ಸಂಧ್ಯಾ


ಗುಬ್ಬಿ
16 ಆಗಸ್ಟ್ 2025

ಸಂಧ್ಯಾ,

ನಾನು ಅಮ್ಮ. ಏಳನೇ ಕ್ಲಾಸಿನ ಬರವಣಿಗೆ, ತಪ್ಪಿದ್ರೆ ನೀನೇ ತಿದ್ಕೋ.

ನಿಮ್ಮಪ್ಪ ಒಂಬತ್ತು ದಿನ ಅಂಗಡಿಗೆ ಹೋಗಿಲ್ಲ. ಮಾತಾಡಲ್ಲ. ಮಾತಾಡದೆ ಇದ್ದಿದ್ದನ್ನ ಮೂವತ್ತೊಂದು ವರ್ಷದಲ್ಲಿ ಈಗ್ಲೇ ನೋಡಿದ್ದು. ನಿನ್ನೆ ಕೇಳ್ತು, "ಮಂಜುಳ, ನಿಂಗೂ ಗೊತ್ತಿತ್ತಾ" ಅಂತ. ಹ್ಞೂ ಅಂದೆ. ಕುಮಾರ ನಂಗೇನೂ ಹೇಳಿರ್ಲಿಲ್ಲ. ಹೇಳ್ಬೇಕಾ? ಕುಣಿಗಲ್‌ನಲ್ಲಿ ನಮ್ಮ ದೊಡ್ಡಣ್ಣ ಹತ್ತೊಂಬತ್ತಕ್ಕೆ ಹಿಂಗೇ ಹೋದ. ನಾನು ಹತ್ತು ವರ್ಷದೋಳು, ಅವನ ಕಾಲು ನೀವ್ತಿದ್ದೆ. ಕುಮಾರ ನಾಲ್ಕನೇ ವರ್ಷದಲ್ಲಿ ಮೊಣಕಾಲಿಗೆ ಕೈ ಊರ್ಕೊಂಡು ಎದ್ದ ನೋಡು, ಅವತ್ತೇ ನಂಗೆ ಎಲ್ಲಾ ಗೊತ್ತಾಯ್ತು.

ಒಂದ್ಸಲ ನಿಮ್ಮಪ್ಪ ಸಿಟ್ಟಲ್ಲಿ "ನಿನ್ನ ತೌರಿಂದ ಬಂದ ಸೀಕು" ಅಂದಿತ್ತು. ಒಂದೇ ಸಲ. ಆಮೇಲೆ ಆ ಮಾತು ಎತ್ತಿಲ್ಲ, ಆದ್ರೆ ಇನ್ನೆರಡು ವರ್ಷ ಇನ್ನೆರಡು ವರ್ಷ ಅನ್ನಕ್ಕೆ ಶುರು ಮಾಡ್ತು. ಅದಕ್ಕೇ ನಾನೂ ಸುಮ್ನೆ ಇದ್ದೆ.

ನೀನು ಬರೆದಿದ್ದು ತಪ್ಪಲ್ಲ. ಊಟ ಸರಿಯಾಗಿ ಮಾಡು.

ಮಂಜುಳಮ್ಮ


ಗುಬ್ಬಿ
31 ಆಗಸ್ಟ್ 2025

ಸಂಧ್ಯಾ, ಅವ್ವ,

ಸಹಿ ಮಾಡಿದ ಹಾಳೆ ಇದರೊಳಗಿದೆ. ಎರಡು ಕಡೆ ಮಾಡಿದ್ದೇನೆ, ಒಂದು ಸಾಲದೇ ಹೋದರೆ ಇರಲಿ.

ಯಾರೂ ನನ್ನ ಹತ್ತಿರ ಮುಚ್ಚಿಡಲಾರರು ಎಂದು ಬರೆದಿದ್ದೆನಲ್ಲ. ಮನೆಯಲ್ಲಿ ನಾಲ್ಕು ಜನ ಇದ್ದೆವು, ಮೂವರಿಗೆ ಗೊತ್ತಿತ್ತು. ಅಂಗಡಿಗೆ ಬಂದವರಿಗೆಲ್ಲ ಸೂಜಿಯ ಕಥೆ ಹೇಳುತ್ತಿದ್ದೆ, ಆ ಹುಡುಗ ಪಕ್ಕದಲ್ಲೇ ಕುರ್ಚಿಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದ. ಒಮ್ಮೆ ಚೇಳೂರಿನ ಸಿದ್ದಯ್ಯ "ಹೌದೇನಪ್ಪ ಕುಮಾರ, ಎದ್ದು ಓಡಾಡ್ತೀಯಾ?" ಎಂದು ಕೇಳಿದ. "ಮೊದ್ಲು ನಿಮ್ಮನೆಗೇ ಬರ್ತೀನಿ, ಕೋಳಿ ಕುಯ್ದಿರಿ" ಅಂದ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ನಾನು ಅವನನ್ನು ಹನ್ನೊಂದು ವರ್ಷ ಎತ್ತಿದೆ ಎಂದುಕೊಂಡಿದ್ದೆ.

ಊಟದ ಮುಂದೆ ಅಂದದ್ದನ್ನು ಈಗ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದರೆ ಆಗುವುದಿಲ್ಲ, ಅದು ಗೊತ್ತು. ಅವತ್ತು ಕೂತವರೆಲ್ಲರ ಮನೆಗೂ ಒಂದೊಂದು ಕಾಗದ ಹಾಕಬಲ್ಲೆ. ಹಾಕು ಅಂದರೆ ಹಾಕುತ್ತೇನೆ.

ಯಾವ ದಿನ, ಎಷ್ಟು ಗಂಟೆಗೆ ಎಂದು ಬರೆ. ನಾನು ಬರುವುದಿಲ್ಲ. ಆ ಹತ್ತು ನಿಮಿಷ ಅಂಗಡಿಯ ಷಟರ್ ಎಳೆದು ಒಳಗೆ ಕೂತಿರುತ್ತೇನೆ.

ಅಪ್ಪ


ಕ್ಯಾತ್ಸಂದ್ರ
13 ಸೆಪ್ಟೆಂಬರ್ 2025

ಅಪ್ಪ,

ಕಾರ್ಡಿನಲ್ಲಿ ಬರೆದ ಹಾಗೆ ಮಂಗಳವಾರ ಹನ್ನೊಂದಕ್ಕೆ ಮಾಡಿದೆ. ಮೇಡಂ ತಾವು ಮಾಡುತ್ತೇನೆ ಎಂದರು, ಬೇಡ ಎಂದೆ. ಗುಲಾಬಿ ನೀರು ತೆಗೆದೆ, ಇನ್ನೊಂದು ಹಾಕಿದೆ. ಆಮೇಲೆ ಖಾಲಿ ಪೆಟ್ಟಿಗೆಯ ಬಾಗಿಲು ತೆಗೆದು ಮುಚ್ಚಿದೆ, ಭಾನುವಾರ ಬರುವುದು ಬೇಕಿಲ್ಲ ಎಂದು ಆಗ ತಿಳಿಯಿತು.

ಎರಡು ದಿನ ಬಿಟ್ಟು ನೋಡಿದೆ. ಪ್ರೊಟೀನು ಇದ್ದ ಕಡೆ ಹಸಿರಾಗಿ ಹೊಳೆಯಬೇಕು. ಮೊದಲ ಸಲ ನೋಡಿದಾಗ ದೀಪ ಸರಿ ಇಲ್ಲವೇನೋ ಎಂದು ಆರಿಸಿ ಹಾಕಿದೆ. ನೂರು ಕೋಶ ಎಣಿಸಿದರೆ ಮೂವತ್ತೇಳರ ಅಂಚು ಹಸಿರು. ಸೂಜಿ ಕೆಲಸ ಮಾಡಿದೆ. ಹುಟ್ಟಿದಾಗಿನಿಂದ ಅವನ ಮೈಯಲ್ಲಿ ಇಲ್ಲದೇ ಇದ್ದದ್ದು, ಅವನು ಹೋಗಿ ಹದಿನೆಂಟು ತಿಂಗಳಿಗೆ ಅವನ ಕೋಶದಲ್ಲಿ ಬಂದಿದೆ.

ಇದು ಔಷಧಿ ಅಲ್ಲ. ತಟ್ಟೆ ಬೇರೆ, ಮೈ ಬೇರೆ. ಇಷ್ಟಾದರೆ ಒಬ್ಬ ಹುಡುಗ ನಡೆಯುತ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ. ಮೂವತ್ತೇಳು ಅಷ್ಟೇ ಗೊತ್ತು. ನಾನು ಅದನ್ನು ಯಾರಿಗೆ ಮೊದಲು ಹೇಳಬೇಕಿತ್ತೋ ಅವನಿಲ್ಲ, ಅದಕ್ಕೆ ನಿನಗೆ ಬರೆಯುತ್ತಿದ್ದೇನೆ.

ಅಮಾವಾಸ್ಯೆಗೆ ಬಾ ಅಂತ ಅಮ್ಮ ಫೋನು ಮಾಡಿದ್ದಳು. ಬಸ್ ಸ್ಟ್ಯಾಂಡಿನ ತನಕ ಬಂದೇನು. ಆ ನಡುಮನೆಯಲ್ಲಿ ಎಲೆಯ ಮುಂದೆ ಕೂರಲು ಇನ್ನೂ ಆಗುವುದಿಲ್ಲ. ಕೋಪ ಅಲ್ಲ ಅಪ್ಪ. ಯಾರಿಗೂ ಕಾಗದ ಹಾಕಬೇಡ. ಎಡೆ ಇಡು.

ನಿನ್ನ
ಸಂಧ್ಯಾ


ಗುಬ್ಬಿ
22 ಸೆಪ್ಟೆಂಬರ್ 2025

ಸಂಧ್ಯಾ ಅವ್ವ,

ನಿನ್ನೆ ಎಡೆ ಇಟ್ಟೆವು.

ಮುದ್ದೆ, ಕೋಳಿ ಸಾರು, ಕಜ್ಜಾಯ, ವಡೆ, ಪಾಯಸ ಎಲ್ಲ ನಿಮ್ಮಮ್ಮನದು. ನಾನು ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ತಂದೆ. ನಿನ್ನ ರೂಮಿನ ಬೀದಿಯಲ್ಲೇ ಬಂದೆ, ಕಿಟಕಿ ಮುಚ್ಚಿತ್ತು, ಕೂಗಲಿಲ್ಲ. ಹೊಸ ಷರಟು, ಪಂಚೆ ಇಟ್ಟು, ಎರಡು ಎಲೆ ಜೋಡಿಸಿ ಬಡಿಸಿ, ಧೂಪ ಹಾಕಿ, ಎಲ್ಲರೂ ಅಡ್ಡಬಿದ್ದು ಹೊರಗೆ ಬಂದೆವು. ಗೋವಿಂದರಾಜು ಬಾಗಿಲು ಎಳೆದ. ಹೋದವರು ಬಂದು ಉಣ್ಣುವ ಹೊತ್ತು, ಒಳಗೆ ಯಾರೂ ಇರಕೂಡದು. ಹತ್ತು ನಿಮಿಷ ಬಿಟ್ಟು ಕೆಮ್ಮಿ, ಬಾಗಿಲು ತಟ್ಟಿ ತೆಗೆಯುವುದು. ನಿನಗೆ ಗೊತ್ತಿರುವುದೇ.

ಜಗಲಿಯ ಮೇಲೆ ಕೂತೆ. ಮೂವತ್ತೇಳನ್ನು ಗೋವಿಂದರಾಜುಗೆ ಹೇಳಿದೆ, "ನೂರಕ್ಕಾ? ಪಾಸು ಬುಡು ಭಾವ" ಅಂದ. ನಗಬೇಕು ಎನ್ನುವಷ್ಟರಲ್ಲಿ ನನಗೆ ಒಂದು ಹೊಳೆಯಿತು. ಕೊನೆಯ ಮೂರು ವರ್ಷ ಅವನ ಕೈ ಬಾಯಿಯ ತನಕ ಏಳುತ್ತಿರಲಿಲ್ಲವಲ್ಲ. ಮಧ್ಯಾಹ್ನ ನಿಮ್ಮಮ್ಮ ತಿನ್ನಿಸುತ್ತಿದ್ದಳು, ರಾತ್ರಿ ನಾನು. ಅಷ್ಟೆಲ್ಲ ಬಡಿಸಿಟ್ಟು ಬಾಗಿಲು ಹಾಕಿಕೊಂಡು ಬಂದಿದ್ದೇವೆ. ಬಂದು ಕೂತವನು ಎಲೆ ನೋಡಿಕೊಂಡು ಕೂತಿರಬೇಕು.

ಎದ್ದೆ. ನಿಮ್ಮಮ್ಮ ನನ್ನ ಮುಖ ನೋಡಿದಳು, ಏನು ಎತ್ತ ಎಂದು ಕೇಳಲಿಲ್ಲ. "ಹೋಗು. ಸಾರು ಬಿಸಿ ಐತೆ, ಊದಿ ಕೊಡು" ಅಂದಳು ಅಷ್ಟೇ. ಗೋವಿಂದರಾಜು, "ಭಾವ, ಒಳಗೆ ಹೋಗಂಗಿಲ್ಲ" ಎಂದು ಕೈ ಹಿಡಿದ. ಬಿಡಿಸಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಎಲೆಯ ಮುಂದೆ ಕೂತು ಮುದ್ದೆ ಮುರಿದೆ. ಸಣ್ಣ ತುತ್ತು, ಅವನಿಗೆ ದೊಡ್ಡದು ನುಂಗಲು ಆಗುತ್ತಿರಲಿಲ್ಲ. ಸಾರಿನಲ್ಲಿ ಅದ್ದಿ, ಊದಿ, ಎತ್ತಿ ಹಿಡಿದೆ. ಎಷ್ಟು ಎತ್ತರಕ್ಕೆ ಎಂದು ಕೈಗೇ ಗೊತ್ತಿತ್ತು. ಒಂದು ತುತ್ತಿಗೂ ಇನ್ನೊಂದಕ್ಕೂ ನಡುವೆ ಅವನು ಉಸಿರು ತೆಗೆದುಕೊಳ್ಳಬೇಕು, ಅಷ್ಟು ಹೊತ್ತು ಬಿಟ್ಟೆ. ಇಡ್ಲಿಯನ್ನು ಚಟ್ನಿಯಲ್ಲಿ ನೆನೆಸಿದೆ. ಅವಸರ ಮಾಡಲಿಲ್ಲ.

ಹೊರಗೆ ಕೆಮ್ಮಿದರು. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತಟ್ಟಿದರು. "ಭಾವ, ಆಯ್ತಾ? ಹುಡುಗ್ರು ಹಸ್ಕೊಂಡವ್ರೆ" ಎಂದು ಗೋವಿಂದರಾಜು ಕೂಗಿದ.

"ಇರ್ರಪ್ಪ, ಇನ್ನೂ ಉಣ್ತಾವ್ನೆ" ಅಂದೆ.

ಅಪ್ಪ